ಹೌಸಾಳ ಹಲ್ಲು, ಅತ್ತೆಯ ತವೆ

ಹಲ್ಲುನೋವು ಬಂತೆಂದರೆ ಊರಿಗೆ ಊರೇ ವೈದ್ಯನಾಗಿಬಿಡುತ್ತದೆ. ಗಡಿಯಾಚೆಯ ಪಿಂಪಳವಾಡಿಯಲ್ಲೂ ಹಾಗೇ ಆಯಿತು. ಹೌಸಾಳ ಬಲಗಡೆ ಕೆಳದವಡೆಯ ಕೊನೆಯ ಹಲ್ಲು, ಅಂದರೆ ಬುದ್ಧಿಹಲ್ಲು, ಅಡ್ಡಡ್ಡ ಬೆಳೆದು ಎರಡು ತಿಂಗಳಿಂದ ಅವಳ ಜೀವ ಹಿಂಡುತ್ತಿತ್ತು. ಲವಂಗ ಒತ್ತು ಎಂದರು ಒಬ್ಬರು, ಪೇರಲ ಎಲೆ ಜಗಿ ಎಂದರು ಇನ್ನೊಬ್ಬರು. ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ ಎಂದು ಗಂಡ ದಾದಾಸೋ ಹೆದರಿಸಿದ. ಅತ್ತೆ ಧೋಂಡುಬಾಯಿ ತನ್ನ ಮಶೇರಿ ಡಬ್ಬಿಯನ್ನೇ ಮುಂದೆ ಹಿಡಿದಳು. ಮಶೇರಿ ಎಂದರೆ ಆ ಕಡೆಯ ಹೆಂಗಸರು ಬೆಳಗೆದ್ದು ಬೆರಳಿಂದ ಹಲ್ಲಿಗೆ ತಿಕ್ಕುವ ಕರಿ ಪುಡಿ. ಅದನ್ನು ತಿಕ್ಕದೆ ಧೋಂಡುಬಾಯಿಗೆ ಹೊತ್ತು ಹುಟ್ಟುತ್ತಿರಲಿಲ್ಲ. ಹೌಸಾಳಿಗೂ ಮದುವೆಯಾಗಿ ಬಂದ ವರ್ಷದಿಂದ ಅದೇ ರೂಢಿ.

ಈ ಸಲ ಹೌಸಾ ಯಾರ ಮಾತೂ ಕೇಳಲಿಲ್ಲ. ಮುಂದಿನ ವಾರ ಗುರುವಾರ ಅವಳ ಒಬ್ಬನೇ ತಮ್ಮ ಪೋಪಟನ ಮದುವೆ. ತವರಿನಲ್ಲಿ ತಾಯಿ ಇಲ್ಲ. ಅಕ್ಷತೆ ಬೀಳುವಾಗ ವರನ ಬೆನ್ನ ಹಿಂದೆ ದೀಪ ಹಿಡಿದು ನಿಲ್ಲಬೇಕಾದವಳು ಅಕ್ಕನಾದ ಇವಳೇ. ಊದಿದ ಮುಖ ಹೊತ್ತು ಅಲ್ಲಿ ಹೇಗೆ ನಿಲ್ಲುವುದು? ಇನ್ನೂ ಹತ್ತು ದಿನ ಇದೆ, ಮಾಯುತ್ತದೆ ಎಂದು ಸೋಮವಾರ ತಾಲೂಕಿನ ಊರಿಗೆ ಹೋಗಿ ಹಲ್ಲು ಕೀಳಿಸಿಕೊಂಡಳು.

ಕೀಳುವ ಮೊದಲು ದಂತವೈದ್ಯೆ ಏನೇನೋ ಕೇಳಿದಳು. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ, ತಂಬಾಕು ಗುಟ್ಕಾ ಏನಾದರೂ ಉಂಟೇ? ಕೊನೆಯ ಪ್ರಶ್ನೆಗೆ ಹೌಸಾಳಿಗೆ ಅವಮಾನವೇ ಆಯಿತು.

"ನಮ್ಮ ಮನ್ಯಾಗ ಹೆಣ್ಮಕ್ಕಳು ಅಂಥಾವು ಮುಟ್ಟೂದಿಲ್ರಿ" ಎಂದಳು, ಸೆರಗು ಸರಿಮಾಡಿಕೊಳ್ಳುತ್ತ.

ವೈದ್ಯೆ ಒಂದು ಕಾಗದ ಕೊಟ್ಟಳು. ಮನೆಗೆ ಬಂದು ದಾದಾಸೋ ಅದನ್ನು ಗಟ್ಟಿಯಾಗಿ ಓದಿದ. ಬುದ್ಧಿಹಲ್ಲು ಹೋಯಿತು, ಇನ್ನು ಮೇಲೆ ಮನೆಯಲ್ಲಿ ಬುದ್ಧಿ ಇರುವವನು ನಾನೊಬ್ಬನೇ ಎಂದು ಚೇಷ್ಟೆಯನ್ನೂ ಮಾಡಿದ. ಕಾಗದದಲ್ಲಿದ್ದದ್ದು ಇಷ್ಟು: ಬಾಯಲ್ಲಿಟ್ಟ ಬಟ್ಟೆಯ ಉಂಡೆಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು. ಒಂದು ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ನಳಿಕೆ ಹಾಕಿ ಏನನ್ನೂ ಹೀರಬಾರದು. ಮೊದಲ ದಿನ ಕೆನ್ನೆಗೆ ತಣ್ಣೀರ ಬಟ್ಟೆ. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿ ಮೆಲ್ಲಗೆ ಆಡಿಸಬೇಕು. ಖಾರ, ಗಟ್ಟಿ ಭಾಕರಿ ರೊಟ್ಟಿ, ಬಿಸಿಬಿಸಿ ಚಹಾ ಬೇಡ. ಗಾಯದ ಹತ್ತಿರ ಬ್ರಶ್ ಆಡಿಸಬಾರದು. ಗುಳಿಗೆ ತಪ್ಪಿಸಬಾರದು.

ಅಲ್ಲಿಂದ ಶುರುವಾಯಿತು ನೋಡಿ ಗೊಂದಲ. ಧೋಂಡುಬಾಯಿ ಹೊಟ್ಟು ಬಿಸಿಮಾಡಿ ಗಂಟು ಕಟ್ಟಿ ತಂದಳು. ಕಾಗದದಲ್ಲಿ ತಣ್ಣಗಿನದು ಅಂತಿದೆ ಎಂದು ಮಗ ತಡೆದ. ಮಾರನೆಯ ದಿನ ಕಾಗದವೇ ಬೆಚ್ಚಗಿನ ನೀರು ಎನ್ನುವುದನ್ನು ಕೇಳಿ, ನಾನು ನಿನ್ನೆಯೇ ಹೇಳಿದ್ದೆ ಎಂದು ಮುದುಕಿ ಗೆದ್ದವಳಂತೆ ಬೀಗಿದಳು. ಹೌಸಾ ಇಬ್ಬರಿಗೂ ತಲೆಯಾಡಿಸಿ, ಕಾಗದದಲ್ಲಿದ್ದಂತೆಯೇ ಮಾಡಿದಳು. ತಣ್ಣಗಾದ ಜೋಳದ ಅಂಬಲಿ ಕುಡಿದಳು, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದಳು. ಬ್ರಶ್ಶನ್ನಂತೂ ಗೋಡೆಯ ಗೂಡಿನಲ್ಲೇ ಎತ್ತಿಟ್ಟಳು. ಹಾಗಂತ ಹಲ್ಲು ತಿಕ್ಕದೆ ಇರಲಾದೀತೇ? ಮಂಗಳವಾರ ಬೆಳಗ್ಗೆ ಬೆರಳ ತುದಿಗೆ ಮಶೇರಿ ತೆಗೆದುಕೊಂಡು ಮೆಲ್ಲಗೆ ತಿಕ್ಕಿದಳು. ನೋವು ಜುಮ್ಮೆಂದು ಇಳಿದಂತಾಯಿತು. ಸಂಜೆ ಇನ್ನೊಮ್ಮೆ ತಿಕ್ಕಿದಳು.

ಬುಧವಾರ ನೋವು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಗುರುವಾರ ಅದು ಕಿವಿಗೆ ಏರಿತು, ಬಾಯಲ್ಲಿ ಕೆಟ್ಟ ವಾಸನೆ ಶುರುವಾಯಿತು. ಗುಳಿಗೆ ನುಂಗಿದರೂ ಇಳಿಯಲಿಲ್ಲ. ಇಳಿಯುತ್ತಿದ್ದದ್ದು ಮಶೇರಿ ತಿಕ್ಕಿದ ಅರ್ಧ ಗಂಟೆ ಮಾತ್ರ, ಹಾಗಾಗಿ ದಿನಕ್ಕೆ ನಾಲ್ಕು ಸಲ ತಿಕ್ಕತೊಡಗಿದಳು. ಏನು ತಪ್ಪಾಯಿತೆಂದು ಎಷ್ಟು ಯೋಚಿಸಿದರೂ ತಲೆಬುಡ ಹತ್ತಲಿಲ್ಲ. ಕಾಗದವನ್ನು ಮತ್ತೆ ಮತ್ತೆ ಓದಿಸಿ ಕೇಳಿದಳು. ಎಲ್ಲವನ್ನೂ ಮಾಡಿದ್ದಾಳೆ. ಹಾಗಾದರೆ ವೈದ್ಯೆಯೇ ಏನಾದರೂ ಕೆಡಿಸಿದಳೇ? ಒಂದು ಹಲ್ಲಿನ ಬದಲು ಇನ್ನೊಂದನ್ನು ಕಿತ್ತಳೇ? ಅಥವಾ ಯಾರಾದರೂ ದೃಷ್ಟಿ ಹಾಕಿದರೇ? ಪೋಪಟ ಫೋನು ಮಾಡಿ, ಅಕ್ಕಾ ನೀನಿಲ್ಲದಿದ್ದರೆ ದೀಪ ಹಿಡಿಯುವವರು ಯಾರು ಎಂದಾಗ, ಉತ್ತರ ಕೊಡಲು ಬಾಯಿ ಬಿಡಲಾಗದೆ ಅವಳು ಫೋನನ್ನು ಗಂಡನ ಕೈಗಿಟ್ಟು ಅತ್ತಳು.

ಶುಕ್ರವಾರ ಬೆಳಗ್ಗೆ ಆಶಾ ಕಾರ್ಯಕರ್ತೆ ಶಾಲನ್ ಬಂದಳು. ನಾಲ್ಕು ಮನೆ ಆಚೆಯ ಹೆಂಗಸು, ಹೌಸಾಳ ಗೆಳತಿ. ಧೋಂಡುಬಾಯಿ ಬಾಗಿಲಲ್ಲೇ ಅವಳನ್ನು ತರಾಟೆಗೆ ತೆಗೆದುಕೊಂಡಳು. ದವಾಖಾನೆಗೆ ಹೋಗು ಹೋಗು ಅಂದವಳು ನೀನೇ, ಈಗ ನೋಡು ನನ್ನ ಸೊಸೆಯ ಗತಿ ಎಂದಳು.

ಶಾಲನ್ ಹೌಸಾಳ ಪಕ್ಕದಲ್ಲಿ ಕೂತು ಕಾಗದ ಬಿಡಿಸಿದಳು. ಒಂದೊಂದು ಸಾಲಿಗೂ ಹೌಸಾ ತಲೆಯಾಡಿಸಿದಳು. ಉಗುಳಿದೆಯಾ? ಮೊದಲ ದಿನ ಇಲ್ಲ. ನಳಿಕೆ? ಇಲ್ಲ. ಖಾರ? ಇಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಶಾಲನ್‌ಗೂ ದಿಕ್ಕು ತೋಚಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಗಂಟಲು ಹಿಡಿಯುವಂಥ ಘಾಟು ಬಂತು. ಶಾಲನ್ ಕೆಮ್ಮಿ ಕೆಮ್ಮಿ ಕಣ್ಣೀರು ಒರೆಸಿಕೊಂಡಳು. ಒಲೆಯ ಮುಂದೆ ಧೋಂಡುಬಾಯಿ ತವೆಯ ಮೇಲೆ ಏನನ್ನೋ ಹುರಿಯುತ್ತಿದ್ದಳು.

"ಅತ್ತಿ, ಏನ್ ಹುರ್ಯಾಕತ್ತೀರಿ?"

"ಮಶೇರಿ. ಪಾಪ, ಹೌಸಾಗ ಅದೊಂದರಿಂದನ ಆರಾಮ ಅನ್ನಸತೈತಿ. ಡಬ್ಬಿ ಖಾಲಿ ಆಗೇತಿ."

"ಯಾವ ಎಲಿ ಅದು?"

"ಯಾವದಂದ್ರ? ಸಂತ್ಯಾಗ ಸಿಗತೈತಲ್ಲ, ತಂಬಾಕಿನ ಎಲಿ."

ಹೇಳಿದ ಮೇಲೆ ಮುದುಕಿಯ ಕೈ ತವೆಯ ಮೇಲೇ ನಿಂತಿತು. ಹೊರಗೆ ಹೌಸಾ ಕೆನ್ನೆಯಿಂದ ಕೈ ತೆಗೆದಳು. ಹದಿನಾರು ವರ್ಷದಿಂದ ದಿನಾ ತಿಕ್ಕಿದ ಪುಡಿ. ಎಲೆ ತಂದದ್ದು ಗೊತ್ತು, ಹುರಿದದ್ದು ಗೊತ್ತು, ಕುಟ್ಟಿದ್ದು ಗೊತ್ತು. ಅದು ತಂಬಾಕು ಎಂದು ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ.

"ತಂಬಾಕ ತಿನ್ನೋರು ಗಂಡಸರು," ಎಂದಳು ಧೋಂಡುಬಾಯಿ, ದನಿ ತಗ್ಗಿಸಿ. "ಇದು ಹಲ್ಲ ತಿಕ್ಕೂದು."

ಶಾಲನ್ ತವೆಯನ್ನು ಒಲೆಯಿಂದ ಇಳಿಸಿದಳು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

"ಹಲ್ಲ ಕಿತ್ತ ಕುಣ್ಯಾಗ ರಕ್ತ ಹೆಪ್ಪುಗಟ್ಟತೈತಿ. ಗಾಯಕ್ಕ ಅದ ಮುಚ್ಚಳ. ಅದು ಜಾರಿ ಹೋತಂದ್ರ ಕೆಳಗ ಎಲುಬು ತೆರಕೊಂಡ ಬಿಡತೈತಿ, ಗಾಳಿ ತಾಕಿದ್ರೂ ಜೀವ ಹೋಗತೈತಿ. ತಂಬಾಕು ಆ ಗಾಯ ಮಾಯಾಕ ಬಿಡೂದಿಲ್ಲ. ಅದರ ಮ್ಯಾಲ ನೀ ತಿಕ್ಕತೀ, ಉಗುಳತೀ, ಮತ್ತ ತಿಕ್ಕತೀ. ಮುಚ್ಚಳ ಹೆಂಗ ಉಳದೀತು?"

"ಜುಮ್ಮ ಅಂದು ನೋವು ಇಳೀತಿತ್ತಲ್ಲ" ಎಂದಳು ಹೌಸಾ.

"ನೋವು ಇಳದಂಗ ಅನ್ನಸ್ತು ಅಷ್ಟ. ಗಾಯ ಒಳಗಿಂದೊಳಗ ಕೆಡತಿತ್ತು."

ಧೋಂಡುಬಾಯಿ ಸೋಲೊಪ್ಪುವ ಪೈಕಿಯಲ್ಲ. ಐವತ್ತು ವರ್ಷ ತಿಕ್ಕಿದ್ದೇನೆ, ನನಗೇನಾಗಿದೆ ಎಂದು ಸವಾಲು ಹಾಕಿದಳು. ನಿಮ್ಮ ಬಾಯಲ್ಲಿ ಹಲ್ಲು ಎಷ್ಟು ಉಳಿದಿವೆ ಎಂದು ಶಾಲನ್ ಮೆತ್ತಗೆ ಕೇಳಿದಳು. ಮುದುಕಿ ತಟ್ಟನೆ ಬಾಯಿ ಮುಚ್ಚಿದಳು. ಉಳಿದದ್ದು ನಾಲ್ಕು. ಬಾಗಿಲಲ್ಲಿ ನಿಂತಿದ್ದ ದಾದಾಸೋ ನಗಲು ಹೋದವನು, ಗುಟ್ಕಾ ಪೊಟ್ಟಣ ನೆನಪಾಗಿ ತನ್ನ ಅಂಗಿ ಕಿಸೆಯ ಮೇಲೆ ಕೈ ಮುಚ್ಚಿಕೊಂಡ.

ಅವತ್ತೇ ಮಧ್ಯಾಹ್ನ ಮೂವರು ಹೆಂಗಸರೂ ವೈದ್ಯೆಯ ಹತ್ತಿರ ಹೋದರು. ಹೌಸಾಳಿಗೆ ನೋವಿಗಿಂತ ನಾಚಿಕೆಯೇ ದೊಡ್ಡದಾಗಿತ್ತು. ಕೇಳಿದಾಗ ಸುಳ್ಳು ಹೇಳಿದಂತಾಯಿತಲ್ಲ, ಬೈದರೆ ಏನು ಮಾಡಲಿ ಎಂದು ದಾರಿಯುದ್ದಕ್ಕೂ ಹೆದರಿದ್ದಳು. ವೈದ್ಯೆ ಬೈಯಲಿಲ್ಲ. ಕುಣಿಯನ್ನು ತೊಳೆದು ಔಷಧಿ ಹಚ್ಚಿದ ಪಟ್ಟಿ ಇಟ್ಟಳು. ಹಲ್ಲು ಕಿತ್ತ ಮೂರನೆಯ ದಿನ ನೋವು ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ರಕ್ತ ನಿಲ್ಲದಿದ್ದರೆ, ಬಾಯಿ ತೆರೆಯಲಾಗದಿದ್ದರೆ ಕಾಯುತ್ತ ಕೂರದೆ ಬಂದುಬಿಡಬೇಕು ಎಂದಳು. ಹೌಸಾ ಎಲ್ಲವನ್ನೂ ಹೇಳಿದ ಮೇಲೆ ವೈದ್ಯೆ ತಾನು ರೋಗಿಗಳನ್ನು ಕೇಳುವ ಪ್ರಶ್ನೆಗಳ ಕಾಗದದ ಕಟ್ಟನ್ನು ಮುಂದೆಳೆದುಕೊಂಡು, ತಂಬಾಕು ಎಂಬ ಮಾತಿನ ಪಕ್ಕ ಪೆನ್ನಿನಿಂದ ಮಶೇರಿ ಎಂದು ಬರೆದಳು.

"ನಾನೂ ಹೆಸರ ಹಿಡದು ಕೇಳಬೇಕಿತ್ತು ಅಕ್ಕಾ" ಎಂದಳು.

ಅಂದು ಸಂಜೆಗೇ ಕಿವಿಯ ಸೆಳೆತ ನಿಂತಿತು. ಸೋಮವಾರ ಇನ್ನೊಮ್ಮೆ ಹೋಗಿ ಪಟ್ಟಿ ಬದಲಿಸಿಕೊಂಡು ಬಂದಳು. ಮಶೇರಿ ಬಿಟ್ಟದ್ದು ಮಾತ್ರ ಸುಲಭವಾಗಿರಲಿಲ್ಲ. ತಲೆ ಭಾರ, ಸುಮ್ಮಸುಮ್ಮನೆ ಸಿಟ್ಟು, ಎರಡು ದಿನ ಮನೆಮಂದಿಗೆಲ್ಲ ಬೈಗುಳ. ಬೆರಳು ತಾನಾಗಿಯೇ ಡಬ್ಬಿ ಇದ್ದ ಗೂಡಿಗೆ ಹೋಗುತ್ತಿತ್ತು. ಡಬ್ಬಿ ಅಲ್ಲಿರಲಿಲ್ಲ. ಅತ್ತೆ ಅದನ್ನು ಎಲ್ಲಿಟ್ಟಳೋ, ಹೌಸಾ ಕೇಳಲಿಲ್ಲ.

ಬುಧವಾರ ತವರಿನಲ್ಲಿ ಅರಿಶಿನ. ಬೆಳಗ್ಗೆ ಅಂಗಳದಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತಿದ್ದರು, ಮಶೇರಿ ಡಬ್ಬಿ ಕೈಯಿಂದ ಕೈಗೆ ಬರುತ್ತಿತ್ತು. ಸೋದರತ್ತೆ ಅದನ್ನು ಹೌಸಾಳ ಮುಂದೆ ಹಿಡಿದಳು. ಬೇಡವೆಂದರೆ ಸೊಕ್ಕು ಬಂತೆನ್ನುತ್ತಾರೆ.

ಪಕ್ಕದಲ್ಲಿದ್ದ ಧೋಂಡುಬಾಯಿ ಕೈ ಚಾಚಿ ಡಬ್ಬಿ ತೆಗೆದುಕೊಂಡಳು. ಅವಳಿನ್ನೂ ಪೂರ್ತಿ ಬಿಟ್ಟಿರಲಿಲ್ಲ, ದಿನಕ್ಕೊಮ್ಮೆ ಕದ್ದು ತಿಕ್ಕುತ್ತಿದ್ದಳು. ಎಲ್ಲರೂ ಅವಳ ಬೆರಳನ್ನೇ ನೋಡುತ್ತಿದ್ದರು. ಮುದುಕಿ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಮುಚ್ಚಳ ಹಾಕಿ ಕೆಳಗಿಟ್ಟಳು.

"ಇದು ತಂಬಾಕು ಐತಿ ನೋಡ್ರವ್ವಾ," ಎಂದಳು. "ನಮಗ ಯಾರೂ ಹೇಳಿರಲಿಲ್ಲ."

ಮರುದಿನ ಅಕ್ಷತೆ ಬೀಳುವಾಗ ಪೋಪಟನ ಬೆನ್ನ ಹಿಂದೆ ಹೌಸಾ ದೀಪ ಹಿಡಿದು ನಿಂತಿದ್ದಳು. ಕೆನ್ನೆ ಇನ್ನೂ ತುಸು ಊದಿತ್ತು. ಅವಳು ಬಾಯಿ ತುಂಬ ನಗುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಊರುಗಳಲ್ಲೂ ಇದಕ್ಕೆ ಹತ್ತು ಹೆಸರುಗಳಿವೆ. ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ, ಗುಟ್ಕಾ, ಬೀಡಿ. ಹಲ್ಲು ಕೀಳಿಸಲು ಹೋದಾಗ ವೈದ್ಯರು ಕೇಳಲಿ, ಕೇಳದಿರಲಿ, ನೀವು ದಿನಾ ಬಾಯಿಗೆ ಹಾಕುವುದನ್ನು ಅದರ ಹೆಸರಿನಿಂದಲೇ ಹೇಳಿ. ಎಷ್ಟು ದಿನ ದೂರವಿಡಬೇಕೆಂದು ಕೇಳಿ, ಸಾಧ್ಯವಾದರೆ ಅಂದಿಗೇ ಪೂರ್ತಿ ಬಿಟ್ಟುಬಿಡಿ. ನೋವು ದಿನದಿಂದ ದಿನಕ್ಕೆ ಏರಿದರೆ ಮರಳಿ ಹೋಗಿ, ಯಾರೂ ಬೈಯುವುದಿಲ್ಲ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಗೂಡಿನಲ್ಲಿರುವ ಡಬ್ಬಿಯನ್ನೂ ಒಮ್ಮೆ ತೆರೆದು ಮೂಸಿ ನೋಡಿ.