ಕುರೆಂಟನ ಸೊಂಟದ ಒಡಕು ಗಂಟೆ

ನಾನು ಒಂದು ಗಂಟೆ. ಗುಡಿಯದ್ದಲ್ಲ, ಹಸುವಿನ ಕೊರಳಿನದು. ಸ್ಲೊವೇನಿಯಾ ದೇಶದ ಪ್ತುಯ್ ಪಟ್ಟಣದ ಹತ್ತಿರ ಒಬ್ಬ ಕಮ್ಮಾರ ತಗಡು ಬಡಿಬಡಿದು ನನ್ನನ್ನು ಮಾಡಿದ. ಅಷ್ಟು ಏಟು ತಿಂದು ಹುಟ್ಟಿದವನು ಮೆಲ್ಲಗೆ ಮಾತಾಡು ಅಂದರೆ ಹೇಗೆ ಆಡಲಿ?

ಮೊದಲು ಶೆಕಾ ಎಂಬ ಹಸುವಿನ ಕೊರಳಲ್ಲಿದ್ದೆ. ಒಂದು ದಿನ ಅವಳು ನನ್ನನ್ನು ಬಂಡೆಗೆ ಅಪ್ಪಳಿಸಿದಳು. ಸೀಳಿಹೋದೆ. ನನ್ನ 'ಠಣ್' ಹೋಗಿ 'ಠಕ್' ಆಯಿತು. ಯಜಮಾನ ತಿಪ್ಪೆಗೆ ಎಸೆದ. ಎಂಥ ಜನ ಸ್ವಾಮಿ! ಬಿರುಕು ಬಿಟ್ಟವರಿಗೆಲ್ಲ ತಿಪ್ಪೆಯೇ ಗತಿಯೇ?

ಆ ಮನೆಯ ಆಳು ಯೆರ್ನೆಯ್ ನನ್ನನ್ನು ಎತ್ತಿಕೊಂಡ. ಅಲ್ಲಿ ಚಳಿಗಾಲದ ಕೊನೆಗೆ ಮದುವೆಯಾಗದ ಹುಡುಗರು ಕುರಿಚರ್ಮ ಹೊದ್ದು, ಮುಖವಾಡ ಹಾಕಿ, ಸೊಂಟಕ್ಕೆ ಗಂಟೆಗಳನ್ನು ಕಟ್ಟಿ, ಮನೆಮನೆಯ ಮುಂದೆ ಕುಣಿದು ಚಳಿಯನ್ನು ಓಡಿಸುತ್ತಿದ್ದರು. ಆ ವೇಷದ ಹೆಸರು ಕುರೆಂಟ್. ಹುಡುಗಿ ತಾನು ಮೆಚ್ಚಿದ ಕುರೆಂಟನ ಸೊಂಟಕ್ಕೆ ಕರವಸ್ತ್ರ ಕಟ್ಟುತ್ತಿದ್ದಳು.

ಯೆರ್ನೆಯ್‌ಗೆ ಪಕ್ಕದ ಕೇರಿಯ ನೇಜಾ ಬೇಕು, ಅವಳಿಗೂ ಇವನೇ ಬೇಕು. ಅವಳಪ್ಪನಿಗೆ ಮಾತ್ರ ಗಿರಣಿಯವನ ಮಗ ಬೇಕು.

"ಕರವಸ್ತ್ರ ಅವನಿಗೇ ಕಟ್ಬೇಕು, ತಿಳೀತಾ?"

"ಎಲ್ರೂ ಒಂದೇ ಥರ ಕಾಣ್ತಾರಲ್ಲಪ್ಪ, ಹೆಂಗೆ ಗುರುತು ಹಿಡೀಲಿ?"

"ಎಲ್ಲರಿಗಿಂತ ಎತ್ತರ ಹಾರೋನು ಅವನೇ. ಇನ್ಯಾರು ಹಾರ್ತಾರೆ!"

ಕುಣಿತದ ದಿನ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡ ಯೆರ್ನೆಯ್‌ನನ್ನು ಗೆಳೆಯರು ಗೇಲಿ ಮಾಡಿದರು. "ಲೇ, ಅದು ಗಂಟೆನೋ, ನಿಮ್ಮವ್ವನ ಬಾಣಲೆನೋ?" ನನಗೆ ರೇಗಿಹೋಯಿತು. ಅವನಿಗೂ ರೇಗಿತು. ನೇಜಾಳ ಅಂಗಳದಲ್ಲಿ ಹಾರಿದ ನೋಡಿ! ಠಣ್ ಠಣ್ ಎಂಬ ಆ ಗದ್ದಲದ ನಡುವೆ ನಾನೊಬ್ಬನೇ ಠಕ್, ಠಕ್! ಯೆರ್ನೆಯ್‌ನ ಒಡಕು ಗಂಟೆಯ ಸದ್ದು ಮೊದಲೇ ಗೊತ್ತಿದ್ದ ನೇಜಾ ಕಣ್ಣು ಮುಚ್ಚಿ ಆಲಿಸಿದಳು. ನೇರ ಬಂದು ನನ್ನ ಪಕ್ಕದಲ್ಲೇ ಕರವಸ್ತ್ರ ಬಿಗಿದಳು.

"ಶಭಾಷ್ ಮಗಳೇ! ನಾನು ಹೇಳ್ಲಿಲ್ವಾ, ಎತ್ತರ ಹಾರೋನು ಅವನೇ ಅಂತ! ಬಾರಪ್ಪ ಅಳಿಯಾ, ವೈನ್ ಕುಡಿ!" ಅಪ್ಪ ಊರಿಗೆಲ್ಲ ಕೇಳುವಂತೆ ಕೂಗಿದ.

ಮುಖವಾಡ ತೆಗೆಯದೆ ಕುಡಿಯುವುದು ಹೇಗೆ? ಯೆರ್ನೆಯ್ ತೆಗೆದ.

"ನೀನಾ?"

"ನಾನೇ, ಮಾವ."

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಗಿರಣಿಯವನ ಮಗನೂ ನಕ್ಕ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ, "ಅಳಿಯ ಅಂತ ಕರೆದಾಯ್ತಲ್ಲ, ಇನ್ನು ಸುರಿಯಪ್ಪ, ವೈನ್ ಹುಳಿಯಾಗುತ್ತೆ!" ಅಂದಳು. ಅಪ್ಪ ಗೊಣಗಿದ. ಆಮೇಲೆ ಸುರಿದ.

ಮದುವೆಯಾದ ಮೇಲೆ ಯೆರ್ನೆಯ್ ಆ ವೇಷ ಹಾಕುವಂತಿರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಮೊಳೆಗೆ ಬಂದೆ. ಈಗ ಮುದುಕ, ಮೈಯೆಲ್ಲ ತುಕ್ಕು. ಮೊನ್ನೆ ಬೆಸುಗೆಯವನೊಬ್ಬ ಬಂದು, "ಬಿರುಕಿಗೆ ಬೆಸುಗೆ ಹಾಕ್ಲಾ ಅಜ್ಜಿ?" ಎಂದ. ನೇಜಾ ಸೌಟು ಎತ್ತಿದಳು. "ಮುಟ್ಟಿ ನೋಡು!"

ಠಣ್ ಅನ್ನುವ ಗಂಟೆಗಳು ಲೋಕದ ತುಂಬ ಇವೆ, ಇರಲಿ. ಇಂದಿಗೂ ಯೆರ್ನೆಯ್ ಒಳಗೆ ಬರುವಾಗ ನನ್ನನ್ನು ಬೆರಳಿನಿಂದ ತಟ್ಟುತ್ತಾನೆ. ಠಕ್! ನೇಜಾ ತಿರುಗಿಯೂ ನೋಡದೆ ಇನ್ನೊಂದು ತಟ್ಟೆ ಇಡುತ್ತಾಳೆ.