ಸ್ಯಾಂಡ್‌ವಿಚ್ ಮೇಲೆ ಮೊಣಕಾಲು

ಆರ್ಲೋ ಟಾಗರ್ಟ್ ದಿನಕ್ಕೆ ಎರಡು ಸಲ ವಿನ್ನಿ ಪ್ಲಮರ್‌ಳನ್ನು ಮದುವೆಯಾಗುತ್ತೀಯಾ ಎಂದು ಕೇಳುತ್ತಿದ್ದ. ಶನಿವಾರ ಮೂರು ಸಲ, ಯಾಕೆಂದರೆ ಶನಿವಾರ ಮೂರು ಆಟ. ಒಂಬತ್ತು ವರ್ಷ ಹೀಗೆ ಕೇಳಿದ್ದಾನೆ. ಬಫಲೋದಿಂದ ಒಮಾಹಾವರೆಗೆ ರೈಲು ನಿಲ್ಲುವ ಊರುಗಳಲ್ಲೆಲ್ಲ ಕೇಳಿದ್ದಾನೆ, ಮೈ ಸುಡುವ ಜ್ವರದಲ್ಲೂ ಕೇಳಿದ್ದಾನೆ. ಅವಳು ಒಂದು ಸಲಕ್ಕೂ ಒಪ್ಪಿದವಳಲ್ಲ. ಒಪ್ಪಿದ್ದರೆ ಇಬ್ಬರ ಹೊಟ್ಟೆಗೂ ಹಿಟ್ಟು ಹುಟ್ಟುತ್ತಿರಲಿಲ್ಲ.

ಅದು ಅವರ ಪ್ರಹಸನ. ಹಾಡು, ಜಾದೂ, ನಾಯಿಗಳ ಲಾಗ, ಇವೆಲ್ಲದರ ನಡುವೆ ಇವರದೊಂದು ಚಿಕ್ಕ ಆಟ. ಪಾರ್ಕಿನ ಬೆಂಚಿನ ಮೇಲೆ ಕೂತ ವಿನ್ನಿ ಮಧ್ಯಾಹ್ನದ ಊಟದ ಪೊಟ್ಟಣ ಬಿಚ್ಚುವಾಗ ಅದು ಜಾರಿ ನೆಲಕ್ಕೆ ಬೀಳುತ್ತದೆ. ಅಷ್ಟರಲ್ಲಿ ಆರ್ಲೋ ಬರುತ್ತಾನೆ. ಟೋಪಿ ತೆಗೆದು, ಬಿಸಿಲು ಮೋಡ ಅಂತ ಏನೇನೋ ತೊದಲಿ, ಕೊನೆಗೆ ಮೊಣಕಾಲೂರಿ, ನನ್ನನ್ನ ಮದುವೆಯಾಗ್ತೀಯಾ ಎನ್ನುತ್ತಾನೆ. ಅವಳು ಅವನ ಮುಖವನ್ನೇ ನೋಡುತ್ತಾಳೆ. ಸಭೆಯಲ್ಲಿ ಒಬ್ಬರೂ ಕೆಮ್ಮುವುದಿಲ್ಲ. ಆಗ ಹೇಳುತ್ತಾಳೆ: "ಮೊದ್ಲು ಎದ್ದೇಳು ಮಾರಾಯ. ನೀನು ಮೊಣಕಾಲೂರಿರೋದು ನನ್ನ ಸ್ಯಾಂಡ್‌ವಿಚ್ ಮೇಲೆ." ಡ್ರಮ್ಮಿಗೆ ಒಂದು ಪೆಟ್ಟು ಬೀಳುತ್ತದೆ. ಅಪ್ಪಚ್ಚಿಯಾದ ಸ್ಯಾಂಡ್‌ವಿಚ್ಚನ್ನು ಮೊಣಕಾಲಿಗೆ ಅಂಟಿಸಿಕೊಂಡೇ ಅವನು ಏಳುತ್ತಾನೆ. ಇಬ್ಬರೂ ಕುಣಿಯುತ್ತ ಒಳಗೆ ಹೋಗುತ್ತಾರೆ.

ಈ ಜೋಡಿಯಲ್ಲಿ ನಗು ಅವಳ ಪಾಲು, ಕಾಯುವುದು ಅವನ ಪಾಲು. ಅವಳ ಮಾತು ಬರುವವರೆಗೆ ಆರ್ಲೋ ಒಂದು ಮುಖ ಇಟ್ಟುಕೊಳ್ಳುತ್ತಿದ್ದ. ಹುಬ್ಬು ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ತೆರೆದು, ಈ ಲೋಕದಲ್ಲಿ ಎಲ್ಲವೂ ಒಳ್ಳೆಯದೇ ಆಗುತ್ತದೆ ಎಂದು ನಂಬಿದ ಪಾಪದವನ ಮುಖ. ಆ ಮುಖವಿಲ್ಲದಿದ್ದರೆ ಸ್ಯಾಂಡ್‌ವಿಚ್ಚಿಗೆ ಯಾರು ನಗುತ್ತಿದ್ದರು? ಅದೂ ಒಂದು ವಿದ್ಯೆ ಎಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ವಿನ್ನಿಗೆ ಗೊತ್ತಿತ್ತು.

ಅವಳಿಗೆ ಅವನು ಬೇಕಾಗಿದ್ದ. ಸುತ್ತಿ ಬಳಸಿ ಹೇಳುವುದಕ್ಕೇನಿದೆ? ಜತೆ ಸೇರಿದ ಮೂರನೆಯ ಚಳಿಗಾಲದಿಂದಲೇ ಬೇಕಾಗಿದ್ದ. ಡುಲೂತ್ ಊರಿನಲ್ಲಿ ಹಿಮ ಬಿದ್ದು ರೈಲು ನಿಂತಾಗ ತನ್ನ ಕೋಟನ್ನು ಅವಳಿಗೆ ಹೊದಿಸಿ, ತಾನು ರಾತ್ರಿಯಿಡೀ ಬೂಟು ಕುಟ್ಟಿ ಮೈ ಬಿಸಿ ಮಾಡಿಕೊಂಡಿದ್ದನಲ್ಲ, ಅವತ್ತಿನಿಂದ. ಹೇಳಿಕೊಂಡಿರಲಿಲ್ಲ, ಅಷ್ಟೇ. ದಿನಕ್ಕೆರಡು ಸಲ ಕೇಳುವವನಿಗೆ ಒಂದಲ್ಲ ಒಂದು ದಿನ ನಿಜವಾಗಿಯೂ ಕೇಳಬೇಕೆನಿಸಬಹುದು ಎಂದು ಕಾದಿದ್ದಳು.

ಆ ದಿನ ಬಂತು. ಬಂದದ್ದು ರೈಲಿನ ಊಟದ ಬೋಗಿಯಲ್ಲಿ.

ಸಿನಿಮಾಕ್ಕೆ ಮಾತು ಬಂದ ಮೇಲೆ ನಾಟಕಶಾಲೆಗಳು ಒಂದೊಂದಾಗಿ ಬೆಳ್ಳಿತೆರೆ ಕಟ್ಟಿಕೊಂಡಿದ್ದವು. ಹಾಲಿವುಡ್ಡಿನ ಒಂದು ಸ್ಟುಡಿಯೋ ಇವರ ಪ್ರಹಸನವನ್ನೇ ಕೊಂಡು, ಹಾಡು ಕುಣಿತದ ಚಿತ್ರವೊಂದಕ್ಕೆ ಇಬ್ಬರನ್ನೂ ಕರೆಸಿಕೊಂಡಿತ್ತು. ರೈಲು ಪಶ್ಚಿಮಕ್ಕೆ ಹೋಗುತ್ತಿತ್ತು. ಹೊರಗೆ ಕಾನ್ಸಾಸ್‌ನ ಗೋಧಿಹೊಲ. ಆರ್ಲೋ ತಟ್ಟೆಯಲ್ಲಿದ್ದ ಮೀನನ್ನು ಮುಟ್ಟದೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ನೋಡುತ್ತಲೇ ಹೇಳಿದ: "ಊರೂರು ಸುತ್ತಿ ಸಾಕಾಯ್ತು ಕಣೆ. ಇದು ಮುಗಿದ್ಮೇಲೆ ಎಲ್ಲಾದ್ರೂ ಒಂದ್ಕಡೆ ಇದ್ದುಬಿಡೋಣ." ಆಮೇಲೆ ಅವಳ ಕಡೆ ತಿರುಗಿದ. "ವಿನ್ನಿ, ನನ್ನನ್ನ ಮದುವೆಯಾಗ್ತೀಯಾ?"

"ಮೊದ್ಲು ಎದ್ದೇಳು ಮಾರಾಯ," ಎಂದಳು ವಿನ್ನಿ, "ನೀನು ಮೊಣಕಾಲೂರಿರೋದು ನನ್ನ ಸ್ಯಾಂಡ್‌ವಿಚ್ ಮೇಲೆ."

ಒಂಬತ್ತು ವರ್ಷದ ರೂಢಿ. ಮಾತು ತಲೆಗೆ ಹೋಗದೆ ಕಿವಿಯಿಂದ ನೇರ ನಾಲಿಗೆಗೆ ಬಂದಿತ್ತು. ಪಕ್ಕದ ಮೇಜಿನವರು ಇವರ ಆಟವನ್ನು ಎಲ್ಲೋ ನೋಡಿದ್ದವರು, ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಆರ್ಲೋ ಎದ್ದು ಅವರಿಗೆ ತಲೆಬಾಗಿದ. ರಂಗದವನ ಹಣೆಬರಹ ಅದು, ಚಪ್ಪಾಳೆ ಬಿದ್ದರೆ ತಲೆ ತಾನಾಗಿ ಬಾಗುತ್ತದೆ. ಮತ್ತೆ ಕೂತು, ತಣ್ಣಗಾದ ಮೀನನ್ನು ಪೂರ್ತಿ ತಿಂದ.

ಅವನು ಮೊಣಕಾಲೂರಿಯೇ ಇರಲಿಲ್ಲ ಎಂಬುದು ವಿನ್ನಿಗೆ ಹೊಳೆದದ್ದು ಆಮೇಲೆ. ಟೋಪಿ ಗೂಟದಲ್ಲಿತ್ತು. ಬಿಸಿಲು ಮೋಡದ ಮಾತೂ ಬಂದಿರಲಿಲ್ಲ. ಅಯ್ಯೋ ನನ್ನ ಸುಡುಗಾಡು ಬಾಯೇ, ಎಂದುಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮರುದಿನ ಬೆಳಿಗ್ಗೆ, ನಿನ್ನೆ ನೀನು ಕೇಳಿದ್ದು ಎಂದು ಅವಳು ಶುರುಮಾಡುವಷ್ಟರಲ್ಲಿ ಆರ್ಲೋ, ನಗು ಚೆನ್ನಾಗಿ ಬಿತ್ತಲ್ಲ, ಬಿಡು, ಎಂದು ಪತ್ರಿಕೆ ತೆರೆದು ಮುಖ ಮುಚ್ಚಿಕೊಂಡ. ಪತ್ರಿಕೆ ತಲೆಕೆಳಗಾಗಿತ್ತು. ಬೇರೆ ದಿನವಾಗಿದ್ದರೆ ಅದರ ಮೇಲೆ ಅವಳು ಹತ್ತು ತಮಾಷೆ ಮಾಡುತ್ತಿದ್ದಳು.

ಸ್ಟುಡಿಯೋದಲ್ಲಿ ಬಟ್ಟೆಬರೆ ನೋಡಿಕೊಳ್ಳುವಾಕೆ ನೆಟ್ಟಿ ಓಬರ್ಗ್. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎಲ್ಲರ ಗುಟ್ಟು ಕೇಳಿಸಿಕೊಳ್ಳುವ ಹೆಂಗಸು. ಆರ್ಲೋ ಚಿತ್ರ ಮುಗಿದ ಮರುದಿನವೇ ರೈಲು ಹತ್ತುತ್ತಾನಂತೆ ಎಂದು ವಿನ್ನಿಗೆ ಹೇಳಿದವಳೂ ಅವಳೇ. ಟೊಲೀಡೋದಲ್ಲಿ ಅವನ ಅಕ್ಕ ಮಕ್ಕಳಿಗೆ ಕುಣಿತ ಕಲಿಸುವ ಶಾಲೆ ಇಟ್ಟಿದ್ದಾಳೆ, ಇವನು ಅಲ್ಲಿ ಮೇಷ್ಟ್ರಾಗುತ್ತಾನೆ, ಮತ್ತೆ ರಂಗದ ಮೇಲೆ ಕಾಲಿಡುವುದಿಲ್ಲವಂತೆ. ವಿನ್ನಿಗೇನೋ ಸ್ಟುಡಿಯೋ ಇನ್ನೂ ಎರಡು ಚಿತ್ರಕ್ಕೆ ಇರು ಎಂದಿತ್ತು. ಅವನಿಗೂ ಇರು ಎಂದಿತ್ತು. ಅವನು ಒಲ್ಲೆ ಎಂದಿದ್ದ.

ವಿನ್ನಿ ರೈಲಿನಲ್ಲಾದದ್ದನ್ನೆಲ್ಲ ಅವಳ ಮುಂದೆ ಹೇಳಿಕೊಂಡಳು. ನೆಟ್ಟಿ ಸೂಜಿಗಳನ್ನು ಅಂಗೈಗೆ ಉಗುಳಿ, "ಹೋಗಿ ಹೇಳೇ ಹುಡುಗಿ. ಇದಕ್ಕೇನು ಪುರೋಹಿತರು ಬೇಕಾ?" ಎಂದಳು.

"ಏನಂತ ಹೇಳ್ಲಿ? ನಾನು ಬಾಯಿ ಬಿಟ್ರೆ ಜನ ನಗ್ತಾರೆ. ನಮ್ಮಪ್ಪ ಸತ್ತುಹೋದ್ರು ಅಂತ ಹೇಳಿದಾಗ್ಲೂ ಮ್ಯಾನೇಜರ್ ನಕ್ಕುಬಿಟ್ಟಿದ್ದ."

ನೆಟ್ಟಿಗೂ ನಗು ಬಂತು, ಪಾಪ, ಕೂಡಲೇ ಕೆಮ್ಮಿ ಸರಿಮಾಡಿಕೊಂಡಳು.

ಆದರೂ ವಿನ್ನಿ ಒಂದು ಪ್ರಯತ್ನ ಮಾಡಿದಳು. ಊಟದ ಹೊತ್ತಿನಲ್ಲಿ ಕ್ಯಾಂಟೀನಿಗೆ ಹೋಗಿ ಅವನ ಎದುರಿಗೆ ಕೂತು, ನಿನ್ನ ಹತ್ತಿರ ಒಂದು ಗಂಭೀರವಾದ ಮಾತಿದೆ, ಎಂದಳು. ಮೇಜಿನ ಸುತ್ತ ಇದ್ದವರೆಲ್ಲ ಚಮಚ ಕೆಳಗಿಟ್ಟು ನಗುವುದಕ್ಕೆ ಸಿದ್ಧರಾದರು. ಆರ್ಲೋ ಆ ಮುಖ ಇಟ್ಟುಕೊಂಡ. ಬೇಕೆಂದು ಇಟ್ಟುಕೊಂಡದ್ದಲ್ಲ, ಅದೂ ರೂಢಿಯೇ. ಆ ಎತ್ತಿದ ಹುಬ್ಬು ಕಂಡದ್ದೇ ತಡ, ಅವಳ ನಾಲಿಗೆ, ನಿನ್ನ ಟೈ ಸೂಪಿನಲ್ಲಿ ಈಜ್ತಾ ಇದೆ, ಎಂದುಬಿಟ್ಟಿತು. ಮೇಜಿಗೆ ಮೇಜೇ ನಕ್ಕಿತು. ಟೈ ನಿಜವಾಗಿಯೂ ಸೂಪಿನಲ್ಲಿತ್ತು, ಅದೊಂದೇ ಸಮಾಧಾನ. ವಿನ್ನಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಕೊನೆಯ ದೃಶ್ಯಕ್ಕೆ ಕಡೆಯ ದಿನ ಇಟ್ಟಿದ್ದರು. ಡೈರೆಕ್ಟರ್ ಹಾರ್ವತ್ ಬುಡಾಪೆಸ್ಟಿನಿಂದ ಬಂದ ಕುಳ್ಳ ಮನುಷ್ಯ. ಪ್ರಹಸನದಲ್ಲಿ ಅವನು ಬದಲಾಯಿಸಿದ್ದು ಒಂದೇ ಒಂದು. ಬೆಂಚು ಇದೆ, ಟೋಪಿ ಇದೆ, ಮೊಣಕಾಲಿದೆ. ಸ್ಯಾಂಡ್‌ವಿಚ್ ಇಲ್ಲ. ಹುಡುಗ ಕೇಳಬೇಕು, ಹುಡುಗಿ 'ಆಗ್ತೀನಿ' ಎನ್ನಬೇಕು, ಹಿಂದಿನ ಬಿಳಿ ಮೆಟ್ಟಿಲುಗಳಿಂದ ಹುಡುಗಿಯರ ಹಿಂಡು ಕೊಡೆ ತಿರುಗಿಸುತ್ತ ಇಳಿಯಬೇಕು. ಮದುವೆಯಾಗದೆ ಚಿತ್ರ ಮುಗಿಯುವುದಿಲ್ಲ ಎಂದು ಅವನ ವಾದ. ಜನ ದುಡ್ಡು ಕೊಟ್ಟು ಬರುವುದೇ ಅದಕ್ಕೆ, ಮನೆಯಲ್ಲಿ ನೋಡುವುದೆಲ್ಲ ಮದುವೆಯಾದ ಮೇಲಿನದು, ಎನ್ನುತ್ತಿದ್ದ.

ಕ್ಯಾಮೆರಾ ಓಡಿತು. ಆರ್ಲೋ ಮೊಣಕಾಲೂರಿ ಕೇಳಿದ. ವಿನ್ನಿ ಅವನ ಮುಖ ನೋಡಿದಳು, ಎತ್ತಿದ ಹುಬ್ಬು ನೋಡಿದಳು, "ಮೊದ್ಲು ಎದ್ದೇಳು ಮಾರಾಯ" ಎಂದಳು.

ಎಲ್ಲರೂ ನಕ್ಕರು. ಹಾರ್ವತ್ ಕೂಡ ನಕ್ಕ. ಎರಡನೆಯ ಸಲವೂ ಹಾಗೇ ಆಯಿತು. ಆಗಲೂ ನಕ್ಕರು, ಆದರೆ ಕಡಿಮೆ. ಮೂರನೆಯ ಸಲ ಬಾಯಿ ಬಿಗಿಹಿಡಿದು 'ಆ' ಎನ್ನುವವರೆಗೆ ಬಂದಳು, ಅಲ್ಲಿಂದ ಅದು ಸ್ಯಾಂಡ್‌ವಿಚ್ಚಿಗೇ ಹೊರಳಿತು. ಮೆಟ್ಟಿಲ ಮೇಲಿನ ಹುಡುಗಿಯರ ತೋಳು ಸೋತು ಕೊಡೆಗಳು ಒಂದೊಂದು ದಿಕ್ಕಿಗೆ ವಾಲಿದವು. ದೀಪಗಳ ಬಿಸಿಗೆ ಬಣ್ಣ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ನೆಟ್ಟಿ ಬಂದು ಆರ್ಲೋನ ಪ್ಯಾಂಟಿನ ಒಳಗೆ ಮೊಣಕಾಲಿನ ಹತ್ತಿರ ಹತ್ತಿಯ ಮೆತ್ತೆ ಹೊಲಿದುಕೊಟ್ಟು ಹೋದಳು. ಒಬ್ಬ ಹುಡುಗಿಯಂತೂ ತಲೆಸುತ್ತು ಬಂದು ಮೆಟ್ಟಿಲ ಮೇಲೇ ಕೂತಳು.

ಹಾರ್ವತ್ ಬಂದು ಬೆಂಚಿನ ತುದಿಯಲ್ಲಿ ಕೂತ. ಸಿಟ್ಟು ಮಾಡಲಿಲ್ಲ. "ಮಿಸ್ ಪ್ಲಮರ್, ನಾನು ಇಂಗ್ಲಿಷ್ ಕಲಿತಾಗ ಮೊದಲು ಕಲಿತ ಮಾತೇ ಅದು. ಅಷ್ಟು ಸುಲಭ. ನಿಮಗೆ ಯಾಕೆ ಬರ್ತಿಲ್ಲ?"

"ಅಭ್ಯಾಸ ಇಲ್ಲ ಸಾರ್," ಎಂದಳು ವಿನ್ನಿ.

ಆ ಮಾತಿಗೂ ಯಾರೋ ಹಿಂದೆ ಕಿಸಕ್ಕೆಂದರು. ಅವಳಿಗೆ ಎದ್ದುಹೋಗಿ ಅವರ ಕೆನ್ನೆಗೆ ಬಾರಿಸಬೇಕೆನಿಸಿತು.

ಮತ್ತೆ ಕ್ಯಾಮೆರಾ ಓಡಿತು. ಆರ್ಲೋ ಬಂದ, ಟೋಪಿ ತೆಗೆದ, ಮೊಣಕಾಲೂರಿದ. ಊರುವಾಗ ನೋವಾಗಿ ಒಂದು ಕೈಯಿಂದ ಬೆಂಚು ಹಿಡಿದುಕೊಂಡ. "ವಿನ್ನಿ, ನನ್ನನ್ನ ಮದುವೆಯಾಗ್ತೀಯಾ?" ಎಂದು ತಲೆಯೆತ್ತಿದಾಗ ಹುಬ್ಬು ಮೇಲಿರಲಿಲ್ಲ. ದಣಿದು ಮರೆತನೋ, ಏನೋ. ಬಣ್ಣದ ಕೆಳಗೆ ರೈಲಿನಲ್ಲಿ ಕಿಟಕಿಯಿಂದ ತಿರುಗಿದಾಗಿನ ಮುಖವೇ ಇತ್ತು. ಆ ಮುಖಕ್ಕೆ ಹೇಳಲು ಅವಳ ನಾಲಿಗೆಯಲ್ಲಿ ತಮಾಷೆ ಇರಲಿಲ್ಲ.

"ಆಗ್ತೀನಿ," ಎಂದಳು. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಕೊಡೆಗಳು ಇಳಿದು ಬಂದವು, ವಾದ್ಯ ಮೊಳಗಿತು. ಹಾರ್ವತ್ ಕುರ್ಚಿಯಿಂದ ಹಾರಿ, ಇದೇ, ಇದೇ ಬೇಕಾಗಿದ್ದು, ಎಂದು ತನ್ನ ಭಾಷೆಯಲ್ಲಿ ಇನ್ನೂ ಏನೇನೋ ಹೇಳಿದ. ದೀಪದವರೂ ಬಡಗಿಗಳೂ ಚಪ್ಪಾಳೆ ತಟ್ಟಿದರು. ಆರ್ಲೋ ಎದ್ದು ಎಲ್ಲರಿಗೂ ತಲೆಬಾಗಿದ. ಅವಳ ಭುಜ ತಟ್ಟಿ, "ಒಳ್ಳೇ ಆ್ಯಕ್ಟಿಂಗ್ ಕಣೆ. ನಿನಗೆ ಇದೂ ಬರುತ್ತೆ ಅಂತ ಗೊತ್ತಿರಲಿಲ್ಲ," ಎಂದು ಕುಂಟುತ್ತ ಮೇಕಪ್ ಕೋಣೆಗೆ ಹೋದ.

ವಿನ್ನಿ ಬೆಂಚಿನ ಮೇಲೆ ಕೂತೇ ಇದ್ದಳು. ಇದ್ದದ್ದೊಂದು 'ಆಗ್ತೀನಿ', ಅದನ್ನೂ ಕ್ಯಾಮೆರಾಗೆ ಕೊಟ್ಟಾಯಿತು. ಇನ್ನು ಅದನ್ನೇ ಹೋಗಿ ಅವನ ಮುಂದೆ ಹೇಳಿದರೆ, ಚೆನ್ನಾಗಿ ಬಂತಲ್ಲ, ಮತ್ತೆ ಯಾಕೆ ಎನ್ನುತ್ತಾನೆ. ಬೆಳಗಾದರೆ ರೈಲು. ಬಡಗಿಗಳು ಆಗಲೇ ಪಾರ್ಕಿನ ಮರಗಳನ್ನು ಎತ್ತಿಕೊಂಡು ಹೊರಟಿದ್ದರು. ಅವರಲ್ಲೊಬ್ಬ ಬಂದು, ಅಮ್ಮಾ, ಈ ಬೆಂಚೂ ಬೇಕು, ಎಂದ. ವಿನ್ನಿ ಎದ್ದಳು.

ಮೇಕಪ್ ಕೋಣೆಯಲ್ಲಿ ಆರ್ಲೋ ಕನ್ನಡಿಯ ಮುಂದೆ ಕೂತು ಮುಖಕ್ಕೆಲ್ಲ ಕ್ರೀಮು ಬಳಿದುಕೊಂಡಿದ್ದ. ಅರ್ಧ ಬಣ್ಣ ಹೋಗಿತ್ತು, ಅರ್ಧ ಉಳಿದಿತ್ತು. ಅವಳು ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು.

"ಆರ್ಲೋ, ನನ್ನನ್ನ ಮದುವೆಯಾಗ್ತೀಯಾ?"

ಅವನು ಕನ್ನಡಿಯೊಳಗಿಂದಲೇ ನೋಡಿದ. ಹುಬ್ಬು ಮೇಲೆ ಹೋಯಿತು, ಬಾಯಿ ಸ್ವಲ್ಪ ತೆರೆಯಿತು. ಅವಳ ಮುಂದಿನ ಮಾತಿಗೆ ಕಾದ.

"ಆಮೇಲೆ?" ಎಂದ ಆರ್ಲೋ.

"ಆಮೇಲೆ ಏನೂ ಇಲ್ಲ. ಅಷ್ಟೇ. ಇಲ್ಲೇ ಇರ್ತೀಯಾ, ಇರು. ಟೊಲೀಡೋಗೆ ಹೋಗ್ತೀಯಾ, ನಾನೂ ಬರ್ತೀನಿ."

ಅವನು ಇನ್ನೂ ಸ್ವಲ್ಪ ಹೊತ್ತು ಆ ಮುಖ ಇಟ್ಟುಕೊಂಡೇ ಇದ್ದ. ವಿನ್ನಿಯ ಬಾಯಿಗೆ ಅವನ ಮೂಗಿನ ಮೇಲಿನ ಕ್ರೀಮಿನ ಬಗ್ಗೆ ಒಂದು ತಮಾಷೆ ಬಂತು, ನುಂಗಿದಳು. ಅರ್ಧ ಬಣ್ಣದ ಬಗ್ಗೆ ಇನ್ನೊಂದು ಬಂತು, ಅದು ಬಹಳ ಚೆನ್ನಾಗಿತ್ತು, ಅದನ್ನೂ ನುಂಗಿದಳು. ಅವಳು ತನ್ನ ಜನ್ಮದಲ್ಲೇ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಮೆಲ್ಲಗೆ ಅವನ ಹುಬ್ಬು ಕೆಳಗಿಳಿಯಿತು. ಕುರ್ಚಿ ತಿರುಗಿಸಿ ಅವಳ ಕಡೆ ಕೂತ.

"ಕೇಳೋದು ಯಾವಾಗ್ಲೂ ನಾನು," ಎಂದ. "ಇದಕ್ಕೇನು ಹೇಳ್ಬೇಕು ಅಂತ ನನಗೆ ಯಾರೂ ಬರ್ದುಕೊಟ್ಟಿಲ್ಲ ಕಣೆ."

"ಗೊತ್ತು. ನಿನಗನಿಸಿದ್ದು ಹೇಳು."

ಅವನು ಕೈಯಲ್ಲಿದ್ದ ಟವೆಲನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಯಿಗೆ ಒತ್ತಿಕೊಂಡ.

"ಆಗ್ತೀನಿ," ಎಂದ.

ಹೇಳಿದ ರೀತಿ ಏನೇನೂ ಚೆನ್ನಾಗಿರಲಿಲ್ಲ. ಧ್ವನಿ ಒಡೆದಿತ್ತು, ಮಾತು ತಡವಾಗಿ ಬಂದಿತ್ತು, ಕೊನೆಯ ಅಕ್ಷರ ಟವೆಲಿನೊಳಗೆ ಹೋಗಿತ್ತು. ಹಾರ್ವತ್ ಅಲ್ಲಿದ್ದಿದ್ದರೆ ಸಂಜೆಯವರೆಗೂ ಮತ್ತೆ ಮತ್ತೆ ಹೇಳಿಸುತ್ತಿದ್ದ. ವಿನ್ನಿ ಇನ್ನೊಂದು ಸಲ ಹೇಳು ಎನ್ನಲಿಲ್ಲ.