ಎಂಟು ಮೀಟರ್ ಆಳದ ಕೆಂಪು

"ಚಿಕ್ಕ ಕ್ಯಾಮೆರಾನೇ ತಗೊಳ್ಳಿ ಮೊಸಳೆಯಣ್ಣ. ಇವತ್ತು ನಿಮ್ಮ ಜೊತೆ ಇಳಿಯೋದು ಗಿರಾಕಿ ಅಲ್ಲ, ಮಗಳು. ಒಂದು ಕೈಯಾದ್ರೂ ಖಾಲಿ ಇರ್ಲಿ," ಎಂದಳು ದೋಣಿಯಲ್ಲಿ ಡೈವಿಂಗ್ ಕಲಿಸುವವಳು.

"ಅದ್ರಲ್ಲಿ ತೆಗೆದ್ರೆ ಎಲ್ಲಾ ಪಾಚಿ ಬಣ್ಣ ಬರುತ್ತೆ. ನೀನು ಸುಮ್ನಿರಮ್ಮ," ಎಂದು ಅವನು ಎರಡು ಹಿಡಿಗಳ ದೊಡ್ಡದನ್ನೇ ಎತ್ತಿಕೊಂಡ.

ಪ್ರವಾಸಿಗರ ಫೋಟೋಗಳನ್ನು ನೀರೊಳಗೆ ತೆಗೆದುಕೊಡುವುದು ಅವನ ಕೆಲಸ. ಸದಾ ನೀರಲ್ಲೇ ಬಿದ್ದಿರುತ್ತಾನೆ, ಬಾಯಿ ಬಿಡುವುದು ಅಪರೂಪ, ಹಾಗಾಗಿ ಮೊಸಳೆ. ಊರವರ ಮಧುಚಂದ್ರವನ್ನೆಲ್ಲ ಚಂದವಾಗಿ ಹಿಡಿದುಕೊಟ್ಟವನ ಬಾಡಿಗೆ ಕೋಣೆಯಲ್ಲಿ ತನ್ನವರು ಎನ್ನುವವರ ಒಂದು ಚಿತ್ರವೂ ಇರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಬಿಟ್ಟುಹೋದಾಗ ಮಗಳಿಗೆ ಹತ್ತು ವರ್ಷ, ಈಗ ಹತ್ತೊಂಬತ್ತು. ಅವಳೇ ಫೋನ್ ಮಾಡಿ, "ಅಪ್ಪಾ, ನೀನು ಕೆಲಸ ಮಾಡೋ ಜಾಗ ನೋಡ್ಬೇಕು, ಒಂದೇ ದಿನ," ಅಂದಿದ್ದಳು. ಅವನಿಗೆ ಬೇಕಿದ್ದದ್ದು ಒಂದೇ ಒಂದು ಚಿತ್ರ. ಅದೂ ಕೆಟ್ಟರೆ ಇನ್ಯಾವ ಸೌಭಾಗ್ಯಕ್ಕೆ ಕ್ಯಾಮೆರಾ ಹಿಡಿಯಬೇಕು!

ಮಗಳು ಈ ದಿನಕ್ಕೆಂದೇ ಕೆಂಪು ಈಜುಡುಗೆ ಕೊಂಡು ತಂದಿದ್ದಳು.

"ಕೆಂಪು ಕೆಳಗಡೆ ನಿಲ್ಲಲ್ಲ. ಎಂಟು ಮೀಟರ್ ಇಳಿದ್ರೆ ಕೊಳೆ ಹಿಡಿದ ಹಾಗೆ ಕಾಣುತ್ತೆ," ಎಂದು ಅವನು ಬಿಳಿ ಪ್ಲಾಸ್ಟಿಕ್ ಹಲಗೆಯೊಂದನ್ನು ತೋರಿಸಿದ. "ಅದಕ್ಕೇ ಅಲ್ಲಿಗೆ ಹೋದ್ಮೇಲೆ ಕ್ಯಾಮೆರಾಕ್ಕೆ ಇದನ್ನ ತೋರ್ಸಿ, ನೋಡಪ್ಪಾ, ಇದು ಬಿಳಿ ಅಂತ ಹೇಳ್ಕೊಡ್ಬೇಕು. ಆಮೇಲೆ ಮಿಕ್ಕ ಬಣ್ಣ ತಾನಾಗೇ ಸರಿಹೋಗುತ್ತೆ."

"ಇಷ್ಟು ದೊಡ್ಡದಾಗಿದೆ, ಬಿಳಿ ಯಾವುದು ಅಂತ ಗೊತ್ತಾಗಲ್ವಾ ಇದಕ್ಕೆ?" ಎಂದು ಮಗಳು ನಕ್ಕಳು. ಒಂಬತ್ತು ವರ್ಷಗಳಲ್ಲಿ ಇಬ್ಬರೂ ಇಷ್ಟುದ್ದ ಮಾತಾಡಿದ್ದೇ ಇಲ್ಲ. ಅವನು ಹಿಗ್ಗಿ ಹೀರೇಕಾಯಿಯಾದ.

ಕೆಳಗೆ ಇಳಿದ ಮೇಲೂ ಕಲಿಸುವವಳು ಮಗಳ ಮೊಣಕೈ ಹಿಡಿದೇ ಇದ್ದಳು. ಚಿತ್ರದೊಳಗೆ ಬರುತ್ತೀಯ, ಆಚೆ ಸರಿ, ಎಂದು ಅವನು ಸನ್ನೆ ಮಾಡಿದ. ಅವಳು ಒಲ್ಲೆನೆಂದು ತಲೆಯಾಡಿಸಿದಳು. ಅವನು ಇನ್ನೂ ಗಡುಸಾಗಿ ಕೈ ಬೀಸಿದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಹಿಂದೆ ಸರಿದಳು. ಮಗಳು ಹಲಗೆಯನ್ನು ಎದೆಗೆ ಹಿಡಿದು ನಿಂತಳು. ಅವನು ಬಿಳಿಯನ್ನು ಹಿಡಿದ, ಕೊಂಚ ತಿದ್ದಿದ, ಮತ್ತೆ ಹಿಡಿದ. ಪರದೆಯ ಮೇಲೆ ಕೆಂಪು ನಿಧಾನವಾಗಿ ಜೀವ ತಳೆಯಿತು.

ಆಗ ಮಗಳು ಅವನತ್ತ ಕೈ ಚಾಚಿದಳು. ನೋಡಲಿಲ್ಲ ಎನ್ನುವಂತಿಲ್ಲ, ಚೆನ್ನಾಗಿಯೇ ನೋಡಿದ. ಹಲಗೆ ವಾಪಸು ಕೊಡುತ್ತಿದ್ದಾಳೆ ಅಂದುಕೊಂಡ. ಬೇಡ, ಅಲ್ಲೇ ಇರು, ಎಂದು ತಲೆಯಾಡಿಸಿ ಗುಂಡಿ ಒತ್ತಿದ. ಇನ್ನೊಮ್ಮೆ ಒತ್ತಿದ. ಅಷ್ಟರಲ್ಲಿ ಕಲಿಸುವವಳು ಪಕ್ಕದಿಂದ ನುಗ್ಗಿ ಅವಳನ್ನು ತಬ್ಬಿ ಮೇಲಕ್ಕೆ ಕರೆದೊಯ್ದಳು. ಹಲಗೆ ಯಾವಾಗಲೋ ಜಾರಿ ಮರಳಿನ ಮೇಲೆ ಬಿದ್ದಿತ್ತು.

ದೋಣಿಯಲ್ಲಿ ಮಗಳು ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡಳು. "ಮಾಸ್ಕ್ ಒಳಗೆ ನೀರು ನುಗ್ತು. ನಿನ್ನೇ ಕರೆದೆ ಅಪ್ಪಾ."

"ನಾನು... ಹಲಗೆ ಕೊಡ್ತಿದ್ದೀಯ ಅಂದ್ಕೊಂಡೆ ಪುಟ್ಟಾ." ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ಇರ್ಲಿ ಬಿಡು. ಹೇಗೆ ಬಂದಿದೆ, ತೋರ್ಸು."

"ಸರಿಯಾಗಿ ಬಂದಿಲ್ಲ" ಎಂದು ಅವನು ಸುಳ್ಳು ಹೇಳಿದ. ಅವಳು ತಾನೇ ಕ್ಯಾಮೆರಾ ಎಳೆದುಕೊಂಡಳು. ಕೆಂಪು ಕೆಂಪಾಗಿಯೇ ಬಂದಿತ್ತು. ಗಾಜಿನ ಹಿಂದೆ ಅಗಲವಾದ ಕಣ್ಣುಗಳು, ಮುಂದೆ ಚಾಚಿದ ಕೈಯ ಐದೂ ಬೆರಳು ಸ್ಪಷ್ಟ.

ದೋಣಿಯಲ್ಲಿದ್ದ ಪ್ರವಾಸಿಯೊಬ್ಬ ಪಕ್ಕದಿಂದ ಇಣುಕಿ ನೋಡಿದ. "ಅಬ್ಬಬ್ಬಾ, ಏನ್ ಬಣ್ಣ ಸಾರ್! ಇದನ್ನ ದೊಡ್ಡದು ಮಾಡ್ಸಿ ಗೋಡೆಗೆ ಹಾಕಿ."

"ಹೌದಪ್ಪಾ, ಹಾಕು," ಎಂದಳು ಮಗಳು. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವನಿಗೆ. ಅವಳು ಟವೆಲ್ ಹೊದ್ದು ದೋಣಿಯ ಮುಂದುಗಡೆ ಹೋಗಿ ದಡದ ಕಡೆ ಮುಖ ಮಾಡಿ ಕುಳಿತಳು.

ಸ್ವಲ್ಪ ಹೊತ್ತಿಗೆ ಪರದೆ ತಾನಾಗಿಯೇ ಆರಿತು. ಅವನು ಗುಂಡಿ ಒತ್ತಿದ, ಮತ್ತೆ ಬೆಳಗಿತು. ದೋಣಿ ದಡ ಮುಟ್ಟುವವರೆಗೂ ಒತ್ತುತ್ತಲೇ ಇದ್ದ.